ಸೋಮವಾರ ನೊಗ ಹೊತ್ತ ಎತ್ತುಗಳು

ಶ್ರಾವಣದಾಗ ಸಣ್ಣ ಮಳಿ ಬಿದ್ದು, ಎರಿ ಮಣ್ಣು ನೆಂದು ವಾಸನಿ ಎದ್ದರ ಮಂದಿಗೆ ಏನೇನೋ ನೆನಪಾಗ್ತಾವಂತ. ತವರುಮನಿ, ಪಂಚಮಿ ಜೋಕಾಲಿ, ಅವ್ವ ಕಟ್ಟಿದ ಉಂಡಿ. ನನಗ ಶೇಖರಗೌಡನ ಮಾರಿ ನೆನಪಾಗ್ತೈತಿ. ತಗದ ಬಾಯಿ ಮುಚ್ಚಾಕ ಬರಲಾರದ ನಿಂತ ಮಾರಿ. ಈ ವರ್ಷನೂ ಹಂಗ ಆತು. ಇಳಕಲ್ಲಿಂದ ಕೂಡಲಸಂಗಮಕ್ಕ ಹೊಂಟಿದ್ದೆ, ಹುನಗುಂದ ದಾಟಿದ ಮ್ಯಾಲ ಬಸ್ಸಿನ ಕಿಡಕಿಯಿಂದ ಆ ವಾಸನಿ ಗಪ್ಪನ ಒಳಗ ಬಂತು. ಬಾಜೂಕ ಕುಂತಾಕಿ, "ಯಾಕ ಬೇ, ಒಬ್ಬಾಕಿನ ನಗಾಕತ್ತೀ?" ಅಂದ್ಳು. "ಒಬ್ಬಾಂವನ್ನ ಮಣ್ಣ ಮುಕ್ಕಿಸಿದ್ದೆ, ಅದು ನೆನಪಾತವ್ವ" ಅಂದೆ. ಆಕಿ ಚೀಲಾ ತಗೊಂಡು ಅತ್ತಾಗ ಸರದು ಕುಂತ್ಳು.

ಆ ವರ್ಷ ನಾ ಸಾಮಾಜಿಕ ಪರಿಶೋಧನೆ ಕೆಲಸಕ್ಕ ಸೇರಿದ್ದೆ. ಅದು ಅಂದ್ರ ಏನು ಅಂತ ನಮ್ಮ ಅತ್ತಿಯವರಿಗೆ ತಿಳಿಸಿ ಹೇಳೂದ್ರಾಗ ಸಾಕಾಗಿ ಹೋಗಿತ್ತು. ಪಂಚಾಯ್ತಿಯವರು ಉದ್ಯೋಗ ಖಾತ್ರಿ ಒಳಗ ಇಂಥಾ ಕೆಲಸ ಮಾಡಿಸೇವಿ ಅಂತ ಬರದಿರ್ತಾರಲ್ಲ, ಅದು ಖರೇನ ಆಗೈತೋ ಇಲ್ಲೋ ಅಂತ ಹೊರಗಿನವರು ಹೋಗಿ ನೋಡೂದು. ಮನಿ ಮನಿಗೆ ಹೋಗಿ ಕೇಳೂದು, ಕೆಲಸದ ಜಾಗಾದಾಗ ಟೇಪ್ ಹಿಡದು ಅಳಿಯೂದು, ಕಡೀಕ ಗ್ರಾಮಸಭಾ ಕರದು ಊರ ಮಂದಿ ಮುಂದ ಎಲ್ಲಾ ದೊಡ್ಡ ದನಿಲೆ ಓದಿ ಹೇಳೂದು. ಅತ್ತಿ ಕಣ್ಣು ಅರಳಿಸಿ, "ಊರ ಮುಂದ ನಿಂತು ಕಳ್ಳಗ ಕಳ್ಳ ಅನ್ನೂದು. ಅದಕ್ಕ ಮತ್ತ ಪಗಾರ ಬ್ಯಾರೆ ಕೊಡ್ತಾರಾ?" ಅಂದ್ರು. ಕೊಡ್ತಾರ್ರಿ, ದಿನದ ಲೆಕ್ಕದಾಗ, ಅಂದೆ. ಅವರಿಗೆ ಆ ನೌಕರಿ ಭಾಳ ಮನಸಿಗೆ ಬಂತು.

ಖರೆ ಹೇಳಬೇಕಂದ್ರ ನನಗ ಪಗಾರ ಬೇಕಾಗಿರಲಿಲ್ಲ. ನನಗ ಬೇಕಾಗಿದ್ದು ಒಂದ ಊರು. ಸಂಗಮದ ಕಡೆ ಐತಿ, ಹೆಸರು ಬರಿಯೂದಿಲ್ಲ. ನಮ್ಮ ಅಕ್ಕ ಲೀಲಾನ್ನ ಕೊಟ್ಟ ಊರು.

ಲೀಲಕ್ಕ ಆ ಊರಾಗ ಕಾಯಕ ಬಂಧು ಆಗಿದ್ಲು. ಖಾತ್ರಿ ಕೆಲಸಕ್ಕ ಹೋಗೋ ಹೆಣ್ಣಮಕ್ಕಳ ಗುಂಪಿಗೆ ಮುಂದಾಳು ಇದ್ದಂಗ, ಬಂದವರ ಹಾಜರಿ ಹಾಕಾಕಿ. ಹಿಂದಿನ ಬ್ಯಾಸಿಗ್ಯಾಗ ಊರ ಕೆರಿ ಹೂಳೆತ್ತೋ ಕೆಲಸ ಬಂತು. ಪಂಚಾಯ್ತಿ ಅಧ್ಯಕ್ಷೆ ಶೇಖರಗೌಡನ ಹೆಂಡ್ತಿ. ಕುರ್ಚಿ ಆಕಿದು, ಆಡಳಿತ ಇವಂದು, ಆ ಹೆಣ್ಣಮಗಳು ಸಹಿ ಮಾಡಾಕಷ್ಟ ಸೆರಗು ಸರಿಸ್ತಿದ್ಲು. ಈ ಕೆಲಸಕ್ಕ ಯಂತ್ರ ತರಬಾರದು, ಮಂದಿ ಕೈಲೆ ಆಗಬೇಕು ಅಂತ ನೇಮ. ಶೇಖರಗೌಡ ಮುಸ್ಸಂಜಿ ಹೊತ್ತಿಗೆ ಜೆಸಿಬಿ ಇಳಿಸಿ ಬೆಳಗಾಗೂದ್ರಾಗ ಕೆರಿ ಕೆದರಿಸಿ ಬಿಟ್ಟ. ಇಡೀ ಊರು ಆ ಸಪ್ಪಳ ಕೇಳಿತು. ಮರುದಿನ ಅಕ್ಕಗ, "ಎಲ್ಲಾರ ಹಾಜರಿ ಹಾಕು" ಅಂದ. ಆಕಿ, "ಕೆಲಸಕ್ಕ ಬರಲಾರದವರದು ನಾ ಹೆಂಗ ಹಾಕಲ್ರಿ ಗೌಡ್ರ?" ಅಂದ್ಳು. ಅಷ್ಟ ಅಂದದ್ದು.

ಅದಕ್ಕ ಆತ ಏನು ಮಾಡಿದ ಅಂದ್ರ, ಆಕಿನ್ನ ಕೆಲಸದಿಂದ ತಗದ. ತಗದು ಸುಮ್ಮನಾಗಲಿಲ್ಲ. ಗ್ರಾಮಸಭಾದಾಗ ಮೈಕ್ ಹಿಡದು, "ಲೀಲವ್ವ ಸುಳ್ಳು ಹಾಜರಿ ಹಾಕಿ ನಿಮ್ಮ ಕೂಲಿ ತಿಂದಾಳ, ಇಂಥಾ ಕಳ್ಳಿನ ಇಟ್ಟುಕೊಳ್ಳೂದಿಲ್ಲ" ಅಂತ ಒದರಿದ. ತಾ ಮಾಡಿದ್ದನ್ನ ಆಕಿ ತಲಿಗೆ ಕಟ್ಟಿದ. ಅಕ್ಕ ಅಲ್ಲೇ ಕುಂತಿದ್ಲು, ತನ್ನ ಗುಂಪಿನ ಹೆಣ್ಣಮಕ್ಕಳ ನಡುವ. ಒಬ್ಬಾಕಿ ಕೆಮ್ಮಿದ್ಲಂತ, ಅಷ್ಟ. ಉಳದವರು ಅದನ್ನೂ ಮಾಡಲಿಲ್ಲ.

ಕೂಲಿ ಹೋದದ್ದಕ್ಕ ಅಕ್ಕ ಅಳಲಿಲ್ಲ. ಶ್ರಾವಣ ಬಂತು. ಅವರೂರ ಮಠದಾಗ ತಿಂಗಳತನ ಪುರಾಣ ಹಚ್ತಾರ, ದಾಸೋಹಕ್ಕ ಊರ ಹೆಣ್ಣಮಕ್ಕಳೆಲ್ಲಾ ಕೂಡಿ ಒಲಿ ಮುಂದ ಕುಂತು ರೊಟ್ಟಿ ಬಡೀತಾರ. ಅಕ್ಕ ಲಗ್ನ ಆಗಿ ಬಂದ ವರ್ಷದಿಂದ ಆ ಸಾಲಿನ್ಯಾಗ ಕುಂತಾಕಿ. ಆ ಸಲ ಕುಂಡ್ರಾಕ ಹೋದ್ರ ಒಬ್ಬಾಕಿ ಹಿಟ್ಟಿನ ಪರಾತ ತನ್ನ ಕಡೆ ಎಳಕೊಂಡು, "ನೀ ಬಿಡವ್ವ. ದೇವರ ಕೆಲಸ ಐತಿ" ಅಂದ್ಳಂತ. ಅಕ್ಕ ಎದ್ದು ಮನಿಗೆ ಬಂದು ನನಗ ಫೋನ್ ಹಚ್ಚಿದ್ಲು. ಪರಾತದ ಮಾತು ಅಷ್ಟ ಹೇಳಿ ಇಟ್ಟುಬಿಟ್ಳು. ನಾ ಆವತ್ತ ನಿರ್ಧಾರ ಮಾಡಿದೆ, ಯಾವ ಮೈಕಿನ್ಯಾಗ ಕಳ್ಳಿ ಅಂದಾನೋ ಅದ ಮೈಕಿನ್ಯಾಗ ಅವನ ಬಾಯಿಲೇ ಅಲ್ಲ ಅನಸಬೇಕು. ಇಲ್ಲದಿದ್ರ ನನ್ನ ಹೆಸರು ಸುವರ್ಣಾ ಅಲ್ಲ.

ಈ ಕೆಲಸದಾಗ ತವರೂರಿಗೆ ಹೋಗುವಂಗಿಲ್ಲ, ಗಂಡನ ಊರಿಗೆ ಹೋಗುವಂಗಿಲ್ಲ ಅಂತ ಹೇಳಿದ್ರು. ಅಕ್ಕನ ಗಂಡನ ಊರಿನ ಮಾತು ಯಾರೂ ಎತ್ತಲಿಲ್ಲ. ನಾನೂ ನೆನಪು ಮಾಡಿಕೊಡಲಿಲ್ಲ. ತರಬೇತಿ ಮುಗೀತು, ಮುಂದಿನ ಶ್ರಾವಣಕ್ಕ ನಮ್ಮ ತಂಡದ ಪಾಳಿ ಆ ಊರಿಗೆ ಬೀಳೂವಂಗ ನೋಡಿಕೊಂಡೆ. ಹೆಂಗ ನೋಡಿಕೊಂಡೆ ಅಂತ ಕೇಳಬ್ಯಾಡ್ರಿ. ನಾಚಿಕಿ ಅಂತೂ ಇಲ್ಲ.

ಆ ಶ್ರಾವಣ ಜಿಟಿಜಿಟಿ ಮಳಿ. ಎರಿ ಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಕಾಲು ಒಂದೊಂದು ಕಲ್ಲಿನಷ್ಟು ಭಾರ. ಹೊಲದಾಗ ಹೆಸರಿನ ಬೆಳಿ ಮೊಣಕಾಲುಮಟ ಬಂದಿತ್ತು. ನಾವು ಮೂವರು ಕೊಡಿ ಹಿಡಕೊಂಡು ಮನಿ ಮನಿ ತಿರಗತಿದ್ವಿ. ಮೊದಲ ದಿನ ಪಂಚಾಯ್ತಿ ಕಟ್ಟಿಯ ಮ್ಯಾಲ ಕುಂತಾಗ ಶೇಖರಗೌಡ ತಾನ ಬಂದ, ಬೊಲೆರೋದಿಂದ ಇಳದು, ಕೈಯಾಗ ಚೀಲಾ.

"ತಂಗೀ, ಶ್ರಾವಣ ಐತಿ. ನಮ್ಮೂರಿಗೆ ಬಂದ ಹೆಣ್ಣಮಗಳು ಬರಿಗೈಲೆ ಹೋಗಬಾರದು" ಅಂದು ಒಂದು ಸೀರಿ ತಗದು ಮುಂದಿಟ್ಟ. ಇಳಕಲ್ ಸೀರಿ! ಇಳಕಲ್ಲಿನಾಕಿಗೆ! ನಮ್ಮ ಮಾವ ಇವತ್ತಿಗೂ ಮಗ್ಗದ ಕುಣಿಯೊಳಗ ಕಾಲು ಇಳಿಬಿಟ್ಟು ಕುಂಡ್ರೋರು. ನಾ ಸೆರಗು ಹಿಡದು ತಿರುವಿ ನೋಡಿದೆ. ಒಡಲಿಗೂ ಸೆರಗಿಗೂ ಎಳಿ ಎಳಿ ಕೂಡಿಸೋ ಕೊಂಡಿನ ಇರಲಿಲ್ಲ, ಯಂತ್ರದ ಮಾಲು.

"ಕೆರೀಗೂ ಜೆಸಿಬಿ, ಸೀರಿಗೂ ಮಶೀನು. ಕೈಲೆ ಮಾಡಿದ್ದು ನಿಮಗ ಸೇರೂದ ಇಲ್ಲೇನ್ರಿ ಗೌಡ್ರ?" ಅಂದೆ.

ಆತ ನಕ್ಕ. ಮಾರಿಯೊಳಗಿನ ನಗಿ ಅಲ್ಲ, ಹಲ್ಲಿನ ನಗಿ. "ಜೆಸಿಬಿ ಯಾರು ನೋಡ್ಯಾರ? ಕೇಳ್ರಿ ಹೋಗ್ರಿ ಊರಾಗ" ಅಂದ.

ಕೇಳಿದ್ವಿ. ಯಾರೂ ನೋಡಿರಲಿಲ್ಲ. ಮಂದಿ ಹೂಳು ಅಗದಾರ, ಎತ್ತಿನ ಗಾಡಿ ಮ್ಯಾಲ ಹೊಲಕ್ಕ ಸಾಗಿಸ್ಯಾರ ಅಂತ ಪಂಚಾಯ್ತಿಯವರು ತೋರಿಸಿದ್ರು. ಗಾಡಿ ಮಾಲಕರ ಮನಿಗೆ ಹೋದ್ರ ಎಲ್ಲಾರೂ ಸಾಲಿ ಹುಡುಗೂರು ಮಗ್ಗಿ ಹೇಳಿದಂಗ, "ಹೂಡಿದ್ವಿ ಬೇ, ಹೊಡದ್ವಿ" ಅಂತಿದ್ರು. ಅವರ ಕೈಗೂ ಒಂದೀಟು ಬಿದ್ದಿತ್ತು. ಕೆರಿ ದಂಡಿಗೆ ಹೋದ್ರ ಮಣ್ಣಿನ್ಯಾಗ ಜೆಸಿಬಿ ಹಲ್ಲಿನ ಗೆರಿ ಇನ್ನೂ ಇದ್ದುವು. ಎಂಜಿನಿಯರ್ ಸಾಹೇಬರು ಫೋನಿನ್ಯಾಗ, "ಅದು ಮಳಿ ನೀರು ಹರದು ಆದದ್ದು ಮೇಡಂ" ಅಂದ್ರು. ಮಳಿ ನೀರಿಗೆ ಹಲ್ಲು ಬಂದಾವೇನ್ರಿ ಅಂತ ಕೇಳಿದೆ, ಫೋನ್ ಇಟ್ಟರು.

ಅಕ್ಕನ ಮನಿಗೂ ಹೋಗಬೇಕಾತು. ತಂಡದವರು ಬಾಜೂಕ ಇದ್ರು. ಆಕಿ ಲಗ್ನ ನಮ್ಮೂರಾಗ ಆಗಿತ್ತು, ನಾ ಆ ಊರಿಗೆ ಹೋಗಿದ್ದ ಕಡಿಮಿ, ಹಂಗಾಗಿ ಗುರ್ತು ಹಿಡದವರು ಒಬ್ಬಿಬ್ಬರು. ಅವರೂ ಬಾಯಿ ಬಿಟ್ಟಿರಲಿಲ್ಲ. ಬಾಯಿ ಬಿಡಲಾರದ್ದು ಆ ಊರಿಗೆ ರೂಢಿ ಆಗಿತ್ತು. ನಾ ಪೆನ್ನು ತಗದು, ಒಡಹುಟ್ಟಿದ ಅಕ್ಕಗ, "ನಿಮ್ಮ ಹೆಸರೇನ್ರಿ?" ಅಂದೆ.

ಆಕಿ ಮಾರಿ ಒಂದೀಟೂ ಅಲುಗಲಿಲ್ಲ. "ಕಳ್ಳಿ ಲೀಲವ್ವ ಅಂತ ಬರಕೊಳ್ರಿ. ಊರಾಗ ಹಂಗ ಗುರ್ತು."

ಲೀಲವ್ವ ಅಂತಷ್ಟ ಬರಕೊಂಡೆ. ಸಿಟ್ಟು ಎಲ್ಲಿಂದ ಏರಿತೋ, ಹೊರಗ ಬಂದು ಕಲ್ಲಿಗೆ ಚಪ್ಪಲಿ ತಿಕ್ಕಿ ತಿಕ್ಕಿ ಮಣ್ಣು ತಗದೆ. ಸಂಗಾತಿ ಹುಡುಗಿ, "ಆರಾಮಿಲ್ಲೇನ್ರಿ ಮೇಡಂ?" ಅಂತ ಕೇಳಿದ್ಲು.

ಕಡೀಕ ಉಳದದ್ದು ದೊಡ್ಡಗೌಡ್ರ ಮನಿ. ಶೇಖರಗೌಡನ ತಂದಿ. ಮಗ ಹೊಸ ಬಂಗ್ಲೆದಾಗ, ಇವರು ಹಳೇ ಮನಿಯೊಳಗ ತಮ್ಮ ಜೋಡೆತ್ತಿನ ಜೋಡಿ. ಭಾಳ ನೇಮದ ಮನಷ್ಯಾ, ಇಷ್ಟಲಿಂಗ ಪೂಜಿ ಆಗದ ನೀರು ಮುಟ್ಟೋರಲ್ಲ. ಗಾಡಿ ಮಾಲಕರ ಪೈಕಿ ಅವರ ಹೆಸರು ಮೊಟ್ಟ ಮೊದಲ ಇತ್ತು. ನಾವು ಹೋದಾಗ ಅಜ್ಜಾರು ಅಂಗಳದಾಗ ಎತ್ತಿನ ಮೈ ತಿಕ್ಕಿ ತೊಳಿಯಾಕತ್ತಿದ್ರು. ತೊಳದು, ಎರಡರ ಹಣೀಗೂ ವಿಭೂತಿ ಹಚ್ಚಿದ್ರು.

"ಹೊಲಕ್ಕ ಹೋಗಿಲ್ಲೇನ್ರಿ ಅಜ್ಜಾರ? ಮಳಿ ಬಿಟ್ಟೈತಿ, ಹೆಸರಿನ ಸಾಲಿನ್ಯಾಗ ಎತ್ತು ಹೂಡಿ ಎಡಿ ಹೊಡಿಯೋ ಹದ ಐತಿ" ಅಂದೆ, ಮಾತಿಗೆ.

"ಇವತ್ತ ಸೋಮವಾರ ಅಲ್ಲೇನು ತಂಗಿ?" ಅಂದ್ರು. ನನಗ ಅಷ್ಟೂ ತಿಳೀಲಿಲ್ಲಲ್ಲ ಅನ್ನೂವಂಗ ನೋಡಿದ್ರು. "ಸೋಮವಾರ ಬಸವಣ್ಣಗ ಬಿಡುವು. ಹದ ಹೋದ್ರ ಹೋಗಲಿ. ನಾ ಹುಟ್ಟಿದಾಗಿಂದ ಸೋಮವಾರ ಇವುಗಳ ಹೆಗಲ ಮ್ಯಾಲ ನೊಗ ಇಟ್ಟಾಂವಲ್ಲ."

ನಾ ಕೈಯಾಗಿನ ಕಾಗದದ ಕಡೆ ನೋಡಿದೆ. ಇದೇನು ನನಗ ಗೊತ್ತಿಲ್ಲದ್ದಾ? ನಮ್ಮ ಕಡೆ ಕೂಸಿಗೂ ಗೊತ್ತು. ಸೋಮವಾರ ಎತ್ತು ಹೂಡಿದಾಂವನ ಮನ್ಯಾಗ ನೀರೂ ಕುಡಿಯೂದಿಲ್ಲ ಅನ್ನೂವಂಥ ಮುದುಕರು ಇನ್ನೂ ಊರೂರಿಗೆ ಅದಾರ. ಆದ್ರ ಕಾಗದ ನೋಡೋವಾಗ ತಾರೀಖು ಕಾಣ್ತಾವ, ವಾರ ಕಾಣೂದಿಲ್ಲ. ಅವರ ಗೋಡಿ ಮ್ಯಾಲಿನ ಕ್ಯಾಲೆಂಡರ್ ತಿರುವಿ ಹಿಂದಿನ ವರ್ಷದ್ದು ಐತೇನ್ರಿ ಅಂದೆ. ಇತ್ತು, ಅಮಾಸಿ ಹುಣ್ಣಿವಿ ಗುರ್ತು ಹಾಕಿ ಇಟ್ಟಿದ್ರು. ಹೊಂದಿಸಿ ನೋಡಿದೆ. ಕೆಲಸದ ತಾರೀಖಿನ್ಯಾಗ ರವಿವಾರ ಬಿಟ್ಟಿದ್ರು. ಸರ್ಕಾರದ ಸೂಟಿ ಬಿಟ್ಟಿದ್ರು, ಎತ್ತಿನ ಸೂಟಿ ಬಿಟ್ಟಿರಲಿಲ್ಲ. ವಾರ ವಾರ ಸೋಮವಾರ ಊರಿನ ಎತ್ತೆಲ್ಲಾ ನೊಗ ಹೊತ್ತು ಹೂಳು ಎಳದಿದ್ದುವು, ಮೊದಲ ಜೋಡಿ ದೊಡ್ಡಗೌಡ್ರದು. ಬೊಲೆರೋ ಹೊಡಿಯಾಂವಗ ಎತ್ತಿನ ವಾರ ಎಲ್ಲಿ ನೆನಪಿರಬೇಕು!

"ಅಜ್ಜಾರ, ಹಂಗಾದ್ರ ನಿಮ್ಮ ಎತ್ತು..." ಅಂತ ಬಾಯಿ ತಗದಾಕಿ ಮುಚ್ಚಿದೆ. ಇಲ್ಲಿ ಕೇಳಿದ್ರ ಮಾತು ಅಂಗಳದಾಗ ಸಾಯ್ತೈತಿ. ಸಂಜೀಕ ಮಗ ಬಂದು ಕಾಲು ಹಿಡದು ಬಾಯಿ ಮುಚ್ಚಸ್ತಾನ. ನನಗ ಅದು ಮೈಕಿನ್ಯಾಗ ಬೇಕಾಗಿತ್ತು.

"ಗ್ರಾಮಸಭಾಕ್ಕ ಬರ್ರಿ ಮತ್ತ" ಅಂದೆ.

"ನನ್ನನ್ಯಾರು ಕರೀತಾರ ತಂಗಿ ಈಗ?"

"ನಾ ಕರೀತೇನಲ್ರಿ."

ಗ್ರಾಮಸಭಾ ಬಸವಣ್ಣನ ಗುಡಿ ಮುಂದ ಇತ್ತು, ತಗಡಿನ ಮಾಡದ ಕೆಳಗ. ಬ್ಯಾರೆ ಇಲಾಖೆಯವರೊಬ್ಬರು ಸಭಾ ನಡಸಬೇಕು ಅಂತ ನೇಮ, ಆ ಸಲ ದನದ ಡಾಕ್ಟರು ಬಂದಿದ್ರು. ಮಂದಿ ತುಂಬಿದ್ರು. ಅಕ್ಕ ಒಳಗ ಬರಲಿಲ್ಲ, ಆಚಿ ಕಡೆ ಬೇವಿನ ಗಿಡದ ಬುಡಕ್ಕ ನಿಂತಿದ್ಲು. ದೊಡ್ಡಗೌಡ್ರು ಬಂದು ಕಂಬಕ್ಕ ಆನಿಕೊಂಡು ಕುಂತಿದ್ರು. ಅಧ್ಯಕ್ಷೆ ವೇದಿಕಿ ಮ್ಯಾಲ ತಲಿ ತಗ್ಗಿಸಿ ಕುಂತಿದ್ಲು, ಶೇಖರಗೌಡ ಆಕಿ ಬಾಜೂಕ ತಾನ ಒಂದು ಕುರ್ಚಿ ಹಾಕಿಕೊಂಡು ಕಾಲ ಮ್ಯಾಲ ಕಾಲು ಹಾಕಿದ್ದ.

ನಾ ಗಟಾರಿನ ಕೆಲಸ, ದನದ ಕೊಟ್ಟಿಗಿ ಕೆಲಸ ಓದಿ ಮುಗಿಸಿ ಕೆರಿಗೆ ಬಂದೆ. "ಎಲ್ಲಾ ಓದೂದು ಬ್ಯಾಡ ಬಿಡ್ರಿ, ಮಳಿ ಬರಾಕತ್ತೈತಿ. ಓದಿದಂಗ ಆತು" ಅಂದ ಶೇಖರಗೌಡ. "ಒಂದೊಂದು ಹೆಸರು, ಒಂದೊಂದು ತಾರೀಖು ಓದಬೇಕು ಅಂತ ನೇಮ ಐತ್ರಿ" ಅಂದೆ. ಅಷ್ಟರಾಗ ಯಾರೋ ಬಂದು ಅವನ ಕಿವಿಯೊಳಗ ಏನೋ ಹೇಳಿದ್ರು. ಆತ ದಡಗ್ಗನ ಎದ್ದ.

"ಏ ನಿಂದರ್ರಿ! ಈಕಿ ಯಾರು ಗೊತ್ತೇನು? ಆ ಕಳ್ಳಿ ಲೀಲಾನ ತಂಗಿ! ಸೇಡು ತೀರಿಸಿಕೊಳ್ಳಾಕ ಬಂದಾಳ!"

ಮಂದಿ ಗುಜುಗುಜು ಅಂದ್ರು. ಡಾಕ್ಟರು ನನ್ನ ಮಾರಿ ನೋಡಿ, "ಹೌದೇನವ್ವಾ?" ಅಂದ್ರು.

"ಹೌದ್ರಿ ಸರ. ತಂಗಿ ಖರೆ. ಸೇಡಿಗೆ ಬಂದದ್ದೂ ಖರೆ" ಅಂದೆ. ಮೈಕಿನ್ಯಾಗ ಅಂದೆ. "ಆದ್ರ ಓದೂದು ಅವರ ಬರದ ಕಾಗದ. ನನ್ನ ದನಿ ಬ್ಯಾಡಂದ್ರ ನೀವ ಓದ್ರಿ. ತಾರೀಖಿನ ಬಾಜೂಕ ವಾರ ಬರದೇನಿ, ಅದನ್ನೂ ಓದ್ರಿ. ನಾ ಬರದ ವಾರ ತಪ್ಪಿದ್ರ ಕ್ಯಾಲೆಂಡರ್ ನೋಡ್ರಿ."

ಡಾಕ್ಟರು ಕಾಗದ ಇಸಗೊಂಡು ಓದಾಕ ಚಾಲೂ ಮಾಡಿದ್ರು, ದವಾಖಾನಿಯೊಳಗ ಔಷಧದ ಚೀಟಿ ಓದಿದಂಗ. "ಎತ್ತಿನ ಗಾಡಿಲೆ ಹೂಳು ಸಾಗಾಟ. ಸೋಮವಾರ. ಮೊದಲನೇ ಗಾಡಿ..." ಅಂದು ನಿಂತರು. ಕನ್ನಡಕ ಏರಿಸಿ ಮತ್ತ ನೋಡಿದ್ರು. ಅವರೂ ಈ ಕಡೆಯವರ. ದನಿ ಸಣ್ಣ ಮಾಡಿ ದೊಡ್ಡಗೌಡ್ರ ಪೂರಾ ಹೆಸರು ಓದಿದ್ರು.

ದೊಡ್ಡಗೌಡ್ರು ಕಂಬ ಹಿಡಕೊಂಡು ಎದ್ದು ನಿಂತರು.

"ಏನಂದ್ರಿ ಸಾಹೇಬರ? ಮತ್ತೊಮ್ಮಿ ಹೇಳ್ರಿ."

"ಸೋಮವಾರ ಅಂತ ಐತ್ರಿ ಯಜಮಾನ್ರ. ಮುಂದಿನ ವಾರನೂ ಸೋಮವಾರ ನಿಮ್ಮ ಎತ್ತ ಅದಾವ."

ಮುದುಕ ಮಗನ ಕಡೆ ಹೊಳ್ಳಿದ್ರು. "ಲೇ ಶೇಖರಾ. ನಾ ಸಂಗಮಕ್ಕ ಹೋದಾಗ ನನ್ನ ಎತ್ತು ಬಿಚ್ಚಿಕೊಂಡು ಹೋಗಿದ್ದೇನು? ಸೋಮವಾರ ಅವುಗಳ ಹೆಗಲಿಗೆ ನೊಗ ಇಟ್ಟಿದ್ದೇನು? ಬಸವಣ್ಣನ ಮುಂದ ನಿಂತಿ, ಹೇಳು."

"ಇಲ್ಲಪ್ಪಾ! ಲಿಂಗದಾಣಿ! ಹೂಡಿಲ್ಲಪ್ಪಾ!" ಅಂದ ಶೇಖರಗೌಡ. ಓದೂದು ನಿಲ್ಲಸಾಕ ಡಾಕ್ಟರ ಕೈಯಿಂದ ಕಸಗೊಂಡ ಮೈಕ್ ಅವನ ಬಾಯಿ ಮುಂದ ಇತ್ತು. ಊರ ತುಂಬ ಕೇಳಿತು.

ಅಂದ ಮ್ಯಾಲ ತಿಳೀತು ಅವಂಗ. ಆಗ ನಿಂತದ್ದ ಆ ಮಾರಿ. ಆಹಾ! ಎಷ್ಟು ಸಲ ನೆನಸಿದ್ರೂ ನನಗ ಹಳೇದು ಅನಸೂದಿಲ್ಲ.

"ಹೂಡಿಲ್ಲ ಅಂತ ಬರಕೊಳ್ರಿ ಸರ" ಅಂದೆ.

ಡಾಕ್ಟರು ಮುಂದಿನ ಹೆಸರು ಓದೂದ್ರಾಗ ಆ ಮಾಲಕ ಎದ್ದ. "ನಮ್ಮವೂ ಹೂಡಿಲ್ರಿ! ನಮ್ಮ ಮನಿತನದಾಗ ಸೋಮವಾರ ನೊಗ ಮುಟ್ಟಿದವರಿಲ್ಲ!" ಅವನ ಹಿಂದ ಇನ್ನೊಬ್ಬ, ಅವನ ಹಿಂದ ಮತ್ತೊಬ್ಬ. ಮನಿಯೊಳಗ ನನ್ನ ಮುಂದ ಹೂಡಿದ್ವಿ, ಹೊಡದ್ವಿ ಅಂದವರ! ಈಗ ಹೆಗಲ ಮ್ಯಾಲಿನ ಟಾವೆಲ್ ಝಾಡಿಸಿ ಒದರಾಕತ್ತಿದ್ರು. "ನಮ್ಮ ಎತ್ತಿನ ಮಾನ ತಗೀತಿ ಏನಲೇ?" ಅಂತ ಒಬ್ಬ ವೇದಿಕಿಗೇ ಏರಿ ಹೋದ. ಅಧ್ಯಕ್ಷೆ ಕುರ್ಚಿ ಹಿಂದ ಸರಿಸಿ ಗಂಡನ ಕಡೆ ನೋಡಿದ್ಲು. ಅಷ್ಟು ದಿನದಾಗ ಆಕಿ ತಲಿ ಎತ್ತಿದ್ದು ನಾ ಆಗ ನೋಡಿದೆ.

ಡಾಕ್ಟರು ಕೈ ಎತ್ತಿ ಎಲ್ಲಾರನ್ನೂ ಕುಂದರಿಸಿದ್ರು. "ಗಾಡಿ ಹೋಗಿಲ್ಲಂದ್ರ ಹೂಳು ಯಾವುದರಿಂದ ಹೋತು?" ಅಂದ್ರು. ಈಗ ಎಲ್ಲಾರಿಗೂ ನೆನಪಾತು ನೋಡ್ರಿ, ಜೆಸಿಬಿ, ಜೆಸಿಬಿ ಅಂತ ಹತ್ತು ಕಡೆಯಿಂದ. "ಹಂಗಾದ್ರ ಮಂದಿ ಕೆಲಸ ಮಾಡ್ಯಾರ ಅಂತ ಹಾಜರಿ ಹಾಕಿದವರ್ಯಾರು?"

ನಾ ಶೇಖರಗೌಡನ ಮುಂದ ಹೋಗಿ ನಿಂತೆ. "ಹೇಳ್ರಿ ಗೌಡ್ರ. ನಮ್ಮಕ್ಕ ಹಾಕಿದ್ಲೇನು?"

ಆತ ತಂದಿ ಕಡೆ ನೋಡಿದ. ಮುದುಕರು ನೆಲ ನೋಡಾಕತ್ತಿದ್ರು. "ಇಲ್ಲ" ಅಂದ, ಸಣ್ಣ ದನಿಲೆ.

"ಮೈಕಿನ್ಯಾಗ ಹೇಳ್ರಿ. ಆವತ್ತ ಮೈಕಿನ್ಯಾಗ ಹೇಳಿದ್ರಲ್ಲ."

"ಲೀಲವ್ವ ಹಾಕಿಲ್ಲ. ಆಕಿ ಒಲ್ಲೆ ಅಂದ್ಳು. ನಾನ ಹಾಕಿಸಿದೆ."

"ಕಳ್ಳಿ ಅಲ್ಲ ಅನ್ರಿ."

"ಆಕಿ ಕಳ್ಳಿ ಅಲ್ಲ."

ದೇವರಾಣಿ ಹೇಳ್ತೇನಿ, ಆವತ್ತಿನಂಥಾ ಸಮಾಧಾನ ನನಗ ಲಗ್ನದಾಗೂ ಆಗಿರಲಿಲ್ಲ. ಮುಂದ ಹಣ ವಸೂಲಿ ಆಗಬೇಕಂತ ಬರದ್ರು, ವಿಚಾರಣಿ ಆತು, ಅವನ ಹೆಂಡ್ತಿ ಅಧ್ಯಕ್ಷಗಿರಿ ಹೋತು, ಊರ ಹಿರ್ಯಾರು ಅವನ್ನ ಗುಡಿ ಪಂಚಕಮಿಟಿಯಿಂದ ತಗದ್ರು. ಅದೆಲ್ಲಾ ಬಡ್ಡಿ. ಅಸಲು ನನಗ ಆ ಮಾತಿನ್ಯಾಗ ಮುಟ್ಟಿತ್ತು. ಬೇವಿನ ಗಿಡದ ಕಡೆ ಹೊಳ್ಳಿದೆ, ಅಕ್ಕ ನಗತಿರಬೇಕು ಅಂತ.

ಆಕಿ ನಗತಿರಲಿಲ್ಲ. ನಡಕೋತ ಒಳಗ ಬಂದ್ಳು, ಮಂದಿ ದಾರಿ ಬಿಟ್ರು. ಶೇಖರಗೌಡನ ಕೈಯಿಂದ ಮೈಕ್ ತಗೊಂಡ್ಳು. ಅವನ ಮಾರಿ ಸೈತ ನೋಡಲಿಲ್ಲ. ಊರಿನ ಕಡೆ ಹೊಳ್ಳಿ ನಿಂತ್ಳು.

"ಎತ್ತಿನ ಸಲುವಾಗಿ ಎಲ್ಲಾರೂ ಎದ್ದು ನಿಂತ್ರಿ" ಅಂದ್ಳು. ದನಿ ಏರಿಸಲೇ ಇಲ್ಲ. "ಭಾಳ ಚೊಲೋ ಆತು. ಹೋದ ವರ್ಷ ಇದ ಜಾಗಾದಾಗ ನನ್ನ ಕಳ್ಳಿ ಅಂದಾಗ ನೀವೆಲ್ಲಾ ಇಲ್ಲೇ ಕುಂತಿದ್ರಿ. ಜೆಸಿಬಿ ಸಪ್ಪಳ ನಿಮ್ಮ ಕಿವಿಗೂ ಬಿದ್ದಿತ್ತು. ಒಬ್ಬರೂ ಏಳಲಿಲ್ಲ."

ಮೈಕ್ ಡಾಕ್ಟರ ಟೇಬಲ್ ಮ್ಯಾಲ ಇಟ್ಟು ಹೋಗಿಬಿಟ್ಳು. ನಾ ಕಾಗದ ಕೂಡಿಸೂದು ಬಿಟ್ಟು ಆಕಿ ಹಿಂದ ಓಡಿದೆ. ಊರಾಗ ಒಬ್ಬನ್ನ ಕೆಡವಾಕ ನಾ ಒಂದು ವರ್ಷ ಕಾದಿದ್ದೆ. ಅಕ್ಕನ ಲೆಕ್ಕದಾಗ ತಪ್ಪು ಮಾಡಿದಾಂವ ಆತ ಒಬ್ಬನ ಇರಲಿಲ್ಲ, ಅದು ನನಗ ಆವಾಗ ತಿಳೀತು.

ಸಂಜಿಮುಂದ ಮಠದ ದಾಸೋಹದ ಹೆಣ್ಣಮಕ್ಕಳು ಬಂದ್ರು. ಪರಾತ ಎಳಕೊಂಡಾಕಿನ ಮುಂದ ಇದ್ಲು, ಕೈಯಾಗ ಕುಂಕುಮದ ಬಟ್ಟಲಾ. "ಲೀಲವ್ವಾ, ಆದದ್ದು ಆಗಿ ಹೋತು, ಮನಸ್ಸಿನ್ಯಾಗ ಇಟ್ಟುಕೋಬ್ಯಾಡ. ನಾಳೆ ಬಾ ಬೇ, ರೊಟ್ಟಿ ಬಡಿಯಾಕ. ನಿನ್ನ ಕೈ ರೊಟ್ಟಿ ಇಲ್ಲದ ಪಂಕ್ತಿ ಬಣಬಣ ಅಂತೈತಿ."

ಅಕ್ಕ ಹೊಸ್ತಿಲದಾಗ ನಿಂತು ಅವರನ್ನ ಒಬ್ಬೊಬ್ಬರನ್ನ ನೋಡಿದ್ಲು.

"ಎತ್ತು ಹೊಡಕೊಂಡು ಹೋಗ್ರಿ. ಅವು ಬಡೀತಾವ" ಅಂದ್ಳು. ಬಾಗಲಾ ಹಾಕಿ, ಒಳಗಿನಿಂದ ಚಿಲಕ ಇಟ್ಳು.